ಅರಿಷಿಣ ನಮ್ಮದು, ಗುಳಿಗೆಯನ್ನು ಪರೀಕ್ಷಿಸಿದವರು ಯಾರು?



ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಿರಿಯ ರೈತರೊಬ್ಬರನ್ನು ಮಿರಜಿನ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ನಾವೂ ಜೊತೆಗೆ ಹೋಗಿದ್ದೆವು. ಕಣ್ಣು ಹಳದಿಯಾಗಿತ್ತು, ಮೈಯೆಲ್ಲ ತುರಿಕೆ, ಅನ್ನ ಕಂಡರೆ ಓಕರಿಕೆ. ಅವರು ಸೆರೆ ಮುಟ್ಟಿದವರಲ್ಲ. ಸೋಂಕಿನಿಂದ ಬರುವ ಕಾಮಾಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿದರು. ಅದರಲ್ಲಿ ಏನೂ ಸಿಗಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರು. ಕಲ್ಲೂ ಇಲ್ಲ, ಗಡ್ಡೆಯೂ ಇಲ್ಲ. ಡಾಕ್ಟರರು ಮಂಚದ ಪಕ್ಕ ಕುಳಿತು ಕನ್ನಡದಲ್ಲೇ ಕೇಳಿದರು: “ಕಾಕಾ, ಮತ್ತ ಬ್ಯಾರೆ ಏನರ ಔಷಧ ತಗೋತೀರೇನು?” ಕಾಕಾ ತಲೆ ಅಲ್ಲಾಡಿಸಿದರು. “ಯಾವುದೂ ಇಲ್ರಿ ಸಾಹೇಬ್ರ.” ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಮೂರನೆಯ ದಿನ ಅವರ ಸೊಸೆ ನಮ್ಮನ್ನು ವರಾಂಡಕ್ಕೆ ಕರೆದು ಮೆಲ್ಲಗೆ ಹೇಳಿದಳು: “ಅಣ್ಣಾರ, ಮಾವನಾರು ಮೊಣಕಾಲ ನೋವಿಗೆ ಅರಿಷಿಣದ ಗುಳಿಗಿ ತಗೋತಾರ. ದಿನಕ್ಕೆ ಎರಡು. ನಾಕು ತಿಂಗಳಾತು. ಅದೂ ಔಷಧ ಆಗ್ತದೇನ್ರೀ?”

ಡಬ್ಬಿಯನ್ನು ಊರಿನಿಂದ ತರಿಸಿ ಡಾಕ್ಟರರ ಕೈಗೆ ಕೊಟ್ಟೆವು. ಗುಳಿಗೆ ನಿಲ್ಲಿಸಿದರು. ಕಾಮಾಲೆ ಇಳಿಯಲು ಏಳೆಂಟು ವಾರ ಹಿಡಿಯಿತು. “ಇದರಿಂದಲೇ ಆಯಿತೆಂದು ಆಣೆ ಮಾಡಿ ಹೇಳಲಾರೆ. ಆದರೆ ಬೇರೆ ಕಾರಣ ಸಿಗಲಿಲ್ಲ, ಬಿಟ್ಟ ಮೇಲೆ ಇಳಿಯಿತು. ಇನ್ನು ಇದನ್ನು ಮುಟ್ಟಬೇಡಿ” ಎಂದು ಹೇಳಿ ಕಳಿಸಿದರು. ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಹೆಣ್ಣುಮಗಳು ಕೇಳಿದ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಕಾಕಾ ಸ್ವತಃ ಅರಿಷಿಣ ಬೆಳೆಯುವವರು. ಪ್ರತಿ ವರ್ಷ ಗಡ್ಡೆ ಅಗೆದು, ಕುದಿಸಿ, ಒಣಗಿಸಿ, ಚೀಲ ತುಂಬಿ ಸಾಂಗ್ಲಿಯ ಪೇಟೆಗೆ ಒಯ್ಯುತ್ತಾರೆ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ನಮ್ಮ ಎಷ್ಟೋ ಕುಟುಂಬಗಳಿಗೆ ಸಾಂಗ್ಲಿ ಪೇಟೆಯ ಸವಾಲಿನ ದಿನವೇ ವರ್ಷದ ಲೆಕ್ಕದ ದಿನ. ಹರಿಪುರದ ಹಗೇವುಗಳನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೃಷ್ಣೆಯ ದಂಡೆಯ ಗಟ್ಟಿ ಮಣ್ಣಿನಲ್ಲಿ ತೋಡಿದ ಆ ಹಗೇವುಗಳಲ್ಲಿ ಅರಿಷಿಣವನ್ನು ವರ್ಷಗಟ್ಟಲೆ ಹುಳ ಬೀಳದಂತೆ ಇಡುತ್ತಿದ್ದರು. 2005ರ ಮಹಾಪೂರ ಅವುಗಳಲ್ಲಿ ಬಹಳಷ್ಟನ್ನು ಹಾಳು ಮಾಡಿತು. 2018ರಲ್ಲಿ ಸಾಂಗ್ಲಿ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಗಡಿಯ ಎರಡೂ ಕಡೆ ಸಂತೋಷವಾಯಿತು. ಮಿರಜ ತಾಲ್ಲೂಕಿನ ಕಸಬೆ ದಿಗ್ರಜದಲ್ಲಿ ಅರಿಷಿಣಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಇಂಥ ನಾಡಿನಲ್ಲಿ ನಿಂತು ಅರಿಷಿಣದ ಮೇಲೆ ಬೆರಳು ತೋರಿಸುವುದು ನಮಗೂ ಸುಲಭದ ಕೆಲಸವಲ್ಲ.

ಆದ್ದರಿಂದ ಮೊದಲೇ ಒಂದು ಮಾತು. ಅಡಿಗೆಮನೆಯ ಅರಿಷಿಣದ ಮೇಲೆ ನಮ್ಮ ದೂರಿಲ್ಲ. ಸಾರಿಗೆ ಹಾಕುವ ಚಿಟಿಕೆ, ಕೆಮ್ಮಿಗೆ ಹಾಲಿನಲ್ಲಿ ಕದಡುವ ಅರ್ಧ ಚಮಚ, ಕುಡುಗೋಲು ತಾಗಿದಾಗ ಗಾಯಕ್ಕೆ ಒತ್ತುವ ಪುಡಿ, ಇವನ್ನು ನಮ್ಮ ಅವ್ವಂದಿರು ತಲೆತಲಾಂತರದಿಂದ ಬಳಸಿದ್ದಾರೆ. ಬಳಕೆಯೇ ಅದಕ್ಕೆ ಸಾಕ್ಷಿ. ಆದರೆ ಆ ಸಾಕ್ಷಿ ಅವ್ವ ಬಳಸಿದ ಗಿಡಕ್ಕೆ, ಅವ್ವ ಬಳಸಿದ ಅಳತೆಗೆ, ಅವ್ವ ಮಾಡಿದ ರೀತಿಗೆ ಮಾತ್ರ ಸಲ್ಲುತ್ತದೆ. ಕಾರ್ಖಾನೆಯಲ್ಲಿ ತೆಗೆದ ಸಾರ ಬೇರೆಯೇ ವಸ್ತು. ಅವ್ವನ ಹೆಸರು ಹೇಳಿ ಅದನ್ನು ಮಾರುವುದು ಸರಿಯಲ್ಲ ಎಂಬುದೇ ನಮ್ಮ ತಕರಾರು.

ಲೆಕ್ಕ ಮಾಡಿ ನೋಡೋಣ. ಒಣ ಅರಿಷಿಣದಲ್ಲಿ ನೂರಕ್ಕೆ ಸುಮಾರು 3ರಿಂದ 5 ಪಾಲು ಕರ್ಕ್ಯುಮಿನ್ ಎಂಬ ಹಳದಿ ಸತ್ವವಿರುತ್ತದೆ. ಉಳಿದದ್ದು ಪಿಷ್ಟ, ನಾರು, ಎಣ್ಣೆ ಇತ್ಯಾದಿ. ದಿನಕ್ಕೆ ಎರಡೂವರೆ ಗ್ರಾಂ ಅರಿಷಿಣ ಊಟದಲ್ಲಿ ಹೋದರೆ ಕರ್ಕ್ಯುಮಿನ್ ಸುಮಾರು 100 ಮಿಲಿಗ್ರಾಂ. ಕಾಕಾ ಅವರ ಡಬ್ಬಿಯ ಮೇಲೆ ಒಂದು ಗುಳಿಗೆಯಲ್ಲಿ 500 ಮಿಲಿಗ್ರಾಂ ಸಾರ, ಅದರಲ್ಲಿ ನೂರಕ್ಕೆ 95 ಪಾಲು ಸತ್ವ ಎಂದು ಬರೆದಿತ್ತು. ಅಂದರೆ ಒಂದು ಗುಳಿಗೆ ಸುಮಾರು 12 ಗ್ರಾಂ ಪುಡಿಗೆ ಸಮ. ದಿನಕ್ಕೆ ಎರಡು ನುಂಗಿದರೆ ಹತ್ತು ದಿನದ ಸಾರಿನ ಅರಿಷಿಣ ಒಂದೇ ದಿನ ಹೊಟ್ಟೆಗೆ ಹೋಯಿತು, ಅದೂ ನಾಲ್ಕು ತಿಂಗಳು ಬಿಡದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂವರೆಗಿನ ಕರ್ಕ್ಯುಮಿನ್ ಜೀವನಪೂರ್ತಿ ಸೇವಿಸಲು ಅಡ್ಡಿಯಿಲ್ಲವೆಂದು ಹೇಳಿದೆ. ಅರವತ್ತು ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ. ಎರಡು ಗುಳಿಗೆ ಅದರ ಐದು ಪಟ್ಟು ದಾಟುತ್ತದೆ.

ಇನ್ನೊಂದು ಸಂಗತಿ ನಮ್ಮ ನಾಡಿನಲ್ಲೇ ಗೊತ್ತಾದದ್ದು. ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರಿಮೆಣಸಿನ ಪೈಪರಿನ್ ಎಂಬ ಸತ್ವವನ್ನು ಜೊತೆಗೆ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಮನುಷ್ಯರಲ್ಲಿ ಸುಮಾರು ಇಪ್ಪತ್ತು ಪಟ್ಟು ಏರುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಅಧ್ಯಯನ 1998ರಲ್ಲಿ ತೋರಿಸಿತು. ಕೆಲವೇ ಸ್ವಯಂಸೇವಕರಿಗೆ ಕೊಟ್ಟು ಕೆಲವು ತಾಸು ರಕ್ತ ತೆಗೆದು ನೋಡಿದ ಅಧ್ಯಯನವದು. ಅವರಲ್ಲಿ ಯಾರಿಗೂ ತೊಂದರೆ ಆಗಲಿಲ್ಲ. ಒಳ್ಳೆಯ ಕೆಲಸ, ನಮ್ಮವರದೇ ಎಂದು ಹೆಮ್ಮೆಪಡಬೇಕಾದದ್ದು. ಆದರೆ ಆ ಬಳಿಕ ಜಗತ್ತಿನಾದ್ಯಂತ ವ್ಯಾಪಾರಿಗಳು ಮೆಣಸಿನ ಸತ್ವ ಬೆರೆಸಿದ ಅರಿಷಿಣ ಗುಳಿಗೆಗಳನ್ನು “ಹೆಚ್ಚು ಪರಿಣಾಮಕಾರಿ” ಎಂದು ಮಾರತೊಡಗಿದರು. ಹೆಚ್ಚು ಪರಿಣಾಮ ಎಂದರೆ ಲಿವರಿನ ಮೇಲೆ ಹೆಚ್ಚು ಭಾರವೂ ಇರಬಹುದೇ ಎಂದು ತಿಂಗಳುಗಟ್ಟಲೆ ಕೊಟ್ಟು ನೋಡುವ ಗೋಜಿಗೆ ಎಷ್ಟು ಮಂದಿ ಹೋದರು? ಕಾಕಾ ಅವರ ಡಬ್ಬಿಯ ಮೇಲೂ ಮೆಣಸಿನ ಸತ್ವದ ಹೆಸರಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಉತ್ತರ ಕೊನೆಗೆ ಬಂದದ್ದು ಆಸ್ಪತ್ರೆಗಳಿಂದ. ಇಟಲಿಯಲ್ಲಿ 2018-19ರ ಸುಮಾರಿಗೆ ಅರಿಷಿಣದ ಗುಳಿಗೆ ತೆಗೆದುಕೊಂಡ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಲಿವರಿನ ಉರಿಯೂತ ವರದಿಯಾಯಿತು. ಅಮೆರಿಕದಲ್ಲಿ ಔಷಧಗಳಿಂದ ಆಗುವ ಲಿವರ್ ಹಾನಿಯ ಲೆಕ್ಕವಿಡುವ ವೈದ್ಯರ ತಂಡವೊಂದು 2022ರಲ್ಲಿ ಹತ್ತು ಪ್ರಕರಣಗಳನ್ನು ಪ್ರಕಟಿಸಿತು. ಅವರಲ್ಲಿ ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರ ಮೈಯಲ್ಲಿ ಒಂದೇ ಬಗೆಯ ಆನುವಂಶಿಕ ಗುರುತು ಸಿಕ್ಕಿತು. ಇದರ ಅರ್ಥ ನಾವು ಸರಿಯಾಗಿ ತಿಳಿಯಬೇಕು. ಗುಳಿಗೆ ನುಂಗಿದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಯಾರೋ ಒಬ್ಬರ ಮೈಗೆ ಅದು ಒಗ್ಗುವುದಿಲ್ಲ, ಅವರ ಲಿವರ್ ಸಿಡಿದೇಳುತ್ತದೆ. ಆ ಒಬ್ಬರು ಯಾರೆಂದು ಮೊದಲೇ ತಿಳಿಯುವ ಉಪಾಯ ನಮ್ಮಂಥವರ ಬಳಿ ಇಲ್ಲ.

“ಗಿಡದಿಂದ ಬಂದದ್ದು, ಅದರಿಂದೇನು ಅಪಾಯ?” ಎಂದು ಅಂಗಡಿಯವನು ಹೇಳಿದರೆ ಪೇಟೆಯವರು ನಂಬಬಹುದು. ರೈತರಾದ ನಾವು ನಂಬುವುದು ಹೇಗೆ? ನಿಪ್ಪಾಣಿಯ ಕಡೆ ತಂಬಾಕು ಬೆಳೆದವರು ನಮ್ಮ ನೆಂಟರಲ್ಲೇ ಇದ್ದಾರೆ. ಅದೇ ತಂಬಾಕಿನ ಎಲೆಯನ್ನು ನೀರಿನಲ್ಲಿ ಕುದಿಸಿ ಹೇನು ಹುಳುವಿಗೆ ಸಿಂಪಡಿಸುತ್ತಿದ್ದ ಕಾಲವಿತ್ತು. ಎಲೆ ಬಾಯಿಗೆ, ಅದರ ಕಷಾಯ ಹುಳಕ್ಕೆ! ದತ್ತೂರಿ, ಗುಲಗಂಜಿ, ಎಕ್ಕಿ, ಕಣಗಿಲ ಎಲ್ಲವೂ ದೇವರು ಬೆಳೆಸಿದ ಗಿಡಗಳೇ. ಎಮ್ಮೆ ಕರು ಕಣಗಿಲದ ಕಡೆ ಹೋದರೆ ಮಕ್ಕಳನ್ನು ಓಡಿಸಿ ಅದನ್ನು ಅಟ್ಟಿಸುವವರು ನಾವು.

ನಮ್ಮ ಹಿರಿಯ ವೈದ್ಯರಿಗೂ ಇದು ಚೆನ್ನಾಗಿ ಗೊತ್ತಿತ್ತು. ವತ್ಸನಾಭಿಯ ಬೇರನ್ನು ಅವರು ಹಸಿಯಾಗಿ ಕೊಡಲಿಲ್ಲ. ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಶುದ್ಧಿ ಮಾಡಿದ ಮೇಲೆಯೇ ಕಾಳಿನಷ್ಟು ಕೊಡುತ್ತಿದ್ದರು. ಹಾಗೆ ಬೇಯಿಸಿದಾಗ ಅದರ ವಿಷ ಒಡೆದು ಸೌಮ್ಯವಾಗುತ್ತದೆ ಎಂದು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಅದೂ ಒಂದು ಪರೀಕ್ಷೆಯೇ, ನೂರಾರು ವರ್ಷ ನಡೆದ ಪರೀಕ್ಷೆ. ಆದ್ದರಿಂದ ಪರೀಕ್ಷೆ ಕೇಳುವುದು ಹಿರಿಯರಿಗೆ ಮಾಡುವ ಅವಮಾನವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ.

ಆದರೆ ಹಿರಿಯರ ಕಣ್ಣಿಗೆ ಬಿದ್ದದ್ದು ಬೇಗ ತೋರುವ ಕೇಡು. ಕುಡಿದ ತಾಸಿನಲ್ಲಿ ವಾಂತಿಯಾದರೆ, ನಾಲಿಗೆ ಜೋಮು ಹಿಡಿದರೆ, ಮರುದಿನ ಸತ್ತರೆ ಗುರುತಿಸಿದರು. ಹತ್ತು ವರ್ಷದ ಮೇಲೆ ಕಿಡ್ನಿ ಕೆಟ್ಟರೆ ಆ ಹಳೆಯ ಕಷಾಯದ ನೆನಪು ಯಾರಿಗೆ ಬರುತ್ತದೆ? ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಈಶ್ವರಬಳ್ಳಿಯನ್ನೇ ತೆಗೆದುಕೊಳ್ಳಿ. ಹಾವು ಕಚ್ಚಿದರೆ, ಚೇಳು ಕುಟುಕಿದರೆ ಅದರ ಬೇರು ಅರೆದು ಕುಡಿಸುತ್ತಿದ್ದರು. ಅದೇ ಜಾತಿಯ ಚೀನೀ ಬಳ್ಳಿಯೊಂದು 1990ರ ಸುಮಾರಿಗೆ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಗುಳಿಗೆಗಳಿಗೆ ಬೆರೆಯಿತು. ಬೇರೊಂದು ಬೇರಿಗೆ ಚೀನೀ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿದ್ದುದರಿಂದ ಆದ ಅದಲುಬದಲು ಅದು. ನೂರಕ್ಕೂ ಹೆಚ್ಚು ಮಂದಿಯ, ಹೆಚ್ಚಾಗಿ ಹೆಂಗಸರ, ಕಿಡ್ನಿಗಳು ಹಾಳಾದವು. ಹಲವರಿಗೆ ವರ್ಷಗಳ ಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಇಂದು ಆ ಜಾತಿಯ ಗಿಡಗಳ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ಇಟ್ಟಿದೆ. ಹಾವು ಕಚ್ಚಿದರೆ ಬಳ್ಳಿ ಹುಡುಕುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಬನ್ನಿ ಎಂದು ಈ ಅಂಕಣದಲ್ಲಿ ಎಷ್ಟು ಬಾರಿ ಬರೆದರೂ ಸಾಲದು.

ಗಿಡದ ಗುರುತು ತಪ್ಪುವುದು ದೂರದ ಬೆಲ್ಜಿಯಂನ ಮಾತು ಮಾತ್ರವಲ್ಲ. 2020ರ ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಾಢಾ ಕುದಿಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್ ಹಾನಿ ಕಂಡರು. ಅದು 2021ರಲ್ಲಿ ಪ್ರಕಟವಾದಾಗ ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೋ, ಅದನ್ನು ಹೋಲುವ ಇನ್ನೊಂದು ಬಳ್ಳಿಯೋ ಎಂದು ನೋಡಿಲ್ಲವಲ್ಲ ಎಂಬುದು ಸಚಿವಾಲಯದ ಆಕ್ಷೇಪ. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ವಾದ ಇನ್ನೂ ಮುಗಿದಿಲ್ಲ. ಯಾರ ಕಡೆ ನಿಲ್ಲಬೇಕು ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ನಮ್ಮ ಅಭಿಪ್ರಾಯ ಇಷ್ಟು: ಸಚಿವಾಲಯದ ಆಕ್ಷೇಪ ಸರಿಯಾಗಿಯೇ ಇದ್ದರೂ ಅದರಿಂದ ಮನಸ್ಸಿಗೆ ನೆಮ್ಮದಿ ಸಿಗುವುದಿಲ್ಲ. ಬಳ್ಳಿ ಯಾವುದೆಂದು ವೈದ್ಯರಿಗೇ ತಿಳಿಯದಿದ್ದರೆ ಸಂತೆಯಲ್ಲಿ ಕೊಂಡು ಕುಡಿದವರಿಗೆ ತಿಳಿದಿತ್ತೇ?

ಹಾಗಾದರೆ ಸರಿಯಾದ ಪರೀಕ್ಷೆ ಎಂದರೇನು? ಮೊದಲ ಕೆಲಸ ಗುರುತು. ಸಸ್ಯಶಾಸ್ತ್ರ ಬಲ್ಲವರು ಗಿಡವನ್ನು ನೋಡಿ ಹೆಸರು ಹೇಳಿ ಅದರ ಒಣ ಮಾದರಿಯನ್ನು ಇಟ್ಟುಕೊಳ್ಳುತ್ತಾರೆ. ಬಳಿಕ ಅದರಲ್ಲಿ ಸೇರಬಾರದ್ದು ಸೇರಿದೆಯೇ ಎಂದು ನೋಡುತ್ತಾರೆ: ಸೀಸ, ಪಾದರಸ, ಪಾಷಾಣ, ಕೀಟನಾಶಕದ ಉಳಿಕೆ, ಬೂಷ್ಟಿನ ವಿಷ. ಆಯುರ್ವೇದ ಔಷಧಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 10ನ್ನು, ಪಾದರಸ 1ನ್ನು ಮೀರಬಾರದು. ಅಮೆರಿಕದ ಬೋಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಇಂಥ ಲೋಹಗಳು ಸಿಕ್ಕವೆಂದು 2004ರಲ್ಲಿ ವರದಿಯಾಗಿತ್ತು. ಆಮೇಲೆ ಇಲಿಗಳ ಸರದಿ. ಒಮ್ಮೆಗೇ ದೊಡ್ಡ ಪ್ರಮಾಣ ಕೊಟ್ಟು 14 ದಿನ ನೋಡುವುದು ಒಂದು ಬಗೆ. ಸಣ್ಣ, ನಡು, ದೊಡ್ಡ ಪ್ರಮಾಣಗಳನ್ನು 28 ಅಥವಾ 90 ದಿನ ಪ್ರತಿದಿನ ಕೊಟ್ಟು ತೂಕ, ರಕ್ತ, ಲಿವರ್, ಕಿಡ್ನಿಗಳನ್ನು ನೋಡುವುದು ಇನ್ನೊಂದು. ವಂಶವಾಹಿಗೆ ಏಟು ಬೀಳುತ್ತದೆಯೇ, ಗರ್ಭದ ಕೂಸಿಗೆ ಕೇಡಾಗುತ್ತದೆಯೇ ಎಂಬುದಕ್ಕೆ ಬೇರೆ ಪರೀಕ್ಷೆಗಳಿವೆ. ಇಷ್ಟಾದ ಮೇಲೆ ಆರೋಗ್ಯವಂತ ಮನುಷ್ಯರಿಗೆ ಸ್ವಲ್ಪಸ್ವಲ್ಪವಾಗಿ.

ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಕಷಾಯ ಒಂದೇ ಬಗೆಯದಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಅದನ್ನು ಗಡ್ಡೆಯಿಂದ ಎಳೆದು ತೆಗೆಯಲು ಮದ್ಯಸಾರ, ಅಸಿಟೋನ್ ಮುಂತಾದ ದ್ರಾವಕಗಳು ಬೇಕು. ಒಂದೇ ಗಡ್ಡೆಯನ್ನು ನೀರಿನಲ್ಲಿ ಕುದಿಸಿದರೆ ಒಂದು ಸಾರ, ಅಸಿಟೋನಿನಲ್ಲಿ ನೆನೆಸಿದರೆ ಇನ್ನೊಂದು. ಒಂದರ ಪರೀಕ್ಷೆ ಮತ್ತೊಂದಕ್ಕೆ ಸಲ್ಲುವುದಿಲ್ಲ. ಔಷಧ ಕಾಯ್ದೆಯ ನಿಯಮಗಳಿಗೆ 2010ರಲ್ಲಿ ಸೇರಿಸಿದ ಭಾಗದಲ್ಲೂ ಈ ವ್ಯತ್ಯಾಸವಿದೆ. ಶಾಸ್ತ್ರಗ್ರಂಥಗಳಲ್ಲಿ ಹೇಳಿದಂತೆ ಮಾಡಿದ ಔಷಧಕ್ಕೆ ಹೊಸ ಸುರಕ್ಷತಾ ಪರೀಕ್ಷೆ ಬೇಕಿಲ್ಲ. ನೀರು, ಮದ್ಯಸಾರ ಬಿಟ್ಟು ಬೇರೆ ದ್ರಾವಕದಿಂದ ತೆಗೆದ ಸಾರಕ್ಕೆ ಬೇಕು. ನಿಯಮ ಕೆಟ್ಟದ್ದಲ್ಲ. ಆದರೆ ಅದೇ ಗುಳಿಗೆಯನ್ನು ಔಷಧವೆನ್ನದೆ ಪೂರಕ ಆಹಾರವೆಂದು ಕರೆದು ಆಹಾರ ಇಲಾಖೆಯ ಪರವಾನಗಿಯಲ್ಲಿ ಮಾರಿದರೆ ದಾರಿ ಬೇರೆಯಾಗುತ್ತದೆ. ಕಾಕಾ ಅವರ ಡಬ್ಬಿಯ ಮೇಲಿದ್ದದ್ದು ಆಹಾರ ಪರವಾನಗಿಯ ಸಂಖ್ಯೆಯೇ. ಕಾಗದದ ಮೇಲೆ ಅದು ಆಹಾರ, ಮಾರುವವನ ಬಾಯಲ್ಲಿ ಮೊಣಕಾಲಿನ ಔಷಧ, ಕಾಕಾ ಅವರ ಲೆಕ್ಕದಲ್ಲಿ ಎರಡೂ ಅಲ್ಲ, ಬರೀ ಅರಿಷಿಣ. ಈ ಸಂದಿಯನ್ನು ಸರ್ಕಾರ ಮುಚ್ಚಬೇಕು. ಇಷ್ಟು ಪ್ರಮಾಣ ಮೀರಿದ ಸಾರ ಯಾವ ಹೆಸರಿನಲ್ಲಿ ಬಂದರೂ ಔಷಧದ ಪರೀಕ್ಷೆಯನ್ನೇ ದಾಟಿ ಬರಲಿ ಎಂಬುದು ನಮ್ಮ ಒತ್ತಾಯ.

ಇದಕ್ಕೆ ಬರುವ ಆಕ್ಷೇಪಣೆಗಳು ನಮಗೆ ಗೊತ್ತು. “ಇಂಗ್ಲಿಷ್ ಔಷಧದಿಂದ ಲಿವರ್ ಕೆಡುವುದಿಲ್ಲವೇ?” ಎಂದು ಕೇಳುತ್ತಾರೆ. ಕೆಡುತ್ತದೆ. ಜ್ವರದ ಪ್ಯಾರಾಸಿಟಮಾಲ್ ಅತಿಯಾದರೂ ಕೆಡುತ್ತದೆ, ಕ್ಷಯದ ಔಷಧದಿಂದಲೂ ಕೆಲವರಿಗೆ ಕೆಡುತ್ತದೆ. ಎಷ್ಟು ತೆಗೆದುಕೊಂಡರೆ, ಯಾರಿಗೆ, ಯಾವಾಗ ಎಂಬುದು ಪರೀಕ್ಷೆಯಿಂದ ತಿಳಿದಿರುವ ಕಾರಣಕ್ಕೇ ಡಾಕ್ಟರರು ನಡುವೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಗಿಡದ ಸಾರಕ್ಕೂ ಅಷ್ಟೇ ಕೇಳುತ್ತಿದ್ದೇವೆ. ಪರೀಕ್ಷೆಯ ಖರ್ಚು ಹಳ್ಳಿಯ ವೈದ್ಯನಿಗೆ ನಿಲುಕದು, ದೊಡ್ಡ ಕಂಪನಿಗಳಷ್ಟೇ ಉಳಿಯುತ್ತವೆ ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ಇದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಎದುರಿಗೆ ಕುಳಿತ ರೋಗಿಗೆ ಹಸಿ ಬೇರು ಅರೆದು ಕೊಡುವ ವೈದ್ಯನೂ ಲಕ್ಷಾಂತರ ಗುಳಿಗೆ ಮಾಡಿ ಊರೂರಿಗೆ ಕಳಿಸುವವನೂ ಒಂದೇ ಅಲ್ಲ. ಖರ್ಚು ಎರಡನೆಯವನ ಮೇಲೆ ಬೀಳಲಿ. ಸಮುದಾಯದ ಗಿಡಗಳ ಪರೀಕ್ಷೆಯನ್ನು ಸರ್ಕಾರದ ಸಂಶೋಧನಾಲಯಗಳೇ ಮಾಡಿ ಫಲಿತಾಂಶವನ್ನು ಎಲ್ಲರಿಗೂ ತೆರೆದಿಡಲಿ.

ಅರಿಷಿಣದ ಪೇಟೆಂಟ್ ಪ್ರಕರಣ ನೆನಪಿದೆಯೇ? ಗಾಯ ಮಾಯಿಸಲು ಅರಿಷಿಣ ಬಳಸುವುದು ತಮ್ಮ ಹೊಸ ಶೋಧವೆಂದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯ 1995ರಲ್ಲಿ ಪೇಟೆಂಟ್ ಪಡೆದಿತ್ತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. “ನಮ್ಮ ಅಜ್ಜಿ ಹೇಳುತ್ತಿದ್ದಳು” ಎಂದಷ್ಟೇ ಹೇಳಿದ್ದರೆ ಗೆಲ್ಲುತ್ತಿರಲಿಲ್ಲ. ಬರೆದಿಟ್ಟ ಕಾಗದ ಗೆದ್ದಿತು. ಒಡೆತನಕ್ಕೆ ಕಾಗದ ತೋರಿಸಿದವರು ಸುರಕ್ಷತೆಗೆ ಕಾಗದ ಕೇಳಿದಾಗ ಯಾಕೆ ಸಿಟ್ಟಾಗಬೇಕು?

ಕಾಗದ ಎಂದರೆ ಏನೆಂದು ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಕೇಳಿ. ತಾಸಗಾಂವ, ಮಿರಜ, ಜತ್ತ ಕಡೆಯ ತೋಟದವರು 2010ರ ಹಂಗಾಮನ್ನು ಮರೆತಿಲ್ಲ. ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆದ ಔಷಧದ ಉಳಿಕೆ ಹೆಚ್ಚಾಯಿತೆಂದು ಯುರೋಪಿನಲ್ಲಿ ಭಾರತದ ದ್ರಾಕ್ಷಿ ತಿರಸ್ಕಾರವಾದ ವರ್ಷವದು. ಆಗ ಅತ್ತವರೇ ಇಂದು ತೋಟದ ನೋಂದಣಿ ಮಾಡಿಸಿ, ಗೊಂಚಲು ಕೊಯ್ಯುವ ಮೊದಲು ಮಾದರಿಯನ್ನು ಲ್ಯಾಬಿಗೆ ಕಳಿಸಿ, ವರದಿ ಬಂದ ಮೇಲೆಯೇ ಪೆಟ್ಟಿಗೆ ತುಂಬುತ್ತಾರೆ. ಹೊರದೇಶದವರು ತಿನ್ನುವ ಹಣ್ಣಿಗೆ ಇಷ್ಟು ಪರೀಕ್ಷೆ, ನಮ್ಮಪ್ಪ ನುಂಗುವ ಗುಳಿಗೆಗೆ ಏನೂ ಬೇಡವೇ?

ಈ ಸರಪಳಿಯ ಮೊದಲ ಕೊಂಡಿ ನಾವೇ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ಮಹಾಪೂರದ ನೀರು ತಾಗಿ ಬಣ್ಣಗೆಟ್ಟ ಅರಿಷಿಣಕ್ಕೆ ಹೊಳಪು ತರಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುವ ಚಾಳಿ ಶುರುವಾಯಿತು. ಅದು ಬಸುರಿಯರ ಮತ್ತು ಮಕ್ಕಳ ರಕ್ತದವರೆಗೆ ಹೋಯಿತು. 2019ರಲ್ಲಿ ಅಲ್ಲಿನ ಸರ್ಕಾರ ಬಿಗಿ ಮಾಡಿದ ಮೇಲೆ, ಪೇಟೆಯ ಮಾದರಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿದ್ದ ಸೀಸ ಎರಡೇ ವರ್ಷದಲ್ಲಿ ಕಾಣದಾಯಿತು. ನಮ್ಮ ಕೃಷ್ಣೆಗೂ 2005, 2019, 2021ರಲ್ಲಿ ಮಹಾಪೂರ ಬಂತು. ನೆನೆದ ಮಾಲು ಕೈಗೆ ಬಂದಾಗ “ಸ್ವಲ್ಪ ಬಣ್ಣ ಹಾಕಿ ಪಾಲಿಶ್ ಮಾಡಿದರೆ ಕ್ವಿಂಟಲಿಗೆ ಇಷ್ಟು ಹೆಚ್ಚು” ಎಂದು ಹೇಳುವವರು ಎಲ್ಲಾ ಪೇಟೆಯಲ್ಲೂ ಇರುತ್ತಾರೆ. ಆ ಮಾತಿಗೆ ಕಿವಿ ಕೊಡಬೇಡಿ. ಗಡ್ಡೆಯಲ್ಲಿ ಹೊಕ್ಕ ಸೀಸ ಸಾರದಲ್ಲೂ ಬರಬಹುದು, ಅದು ಯಾರ ಮನೆಯ ಕೂಸಿಗೆ ಹೋಗುತ್ತದೋ ಯಾರು ಬಲ್ಲರು.

ಇನ್ನು ಆ ಹೆಣ್ಣುಮಗಳ ಪ್ರಶ್ನೆಗೆ ಬರೋಣ. ಹೌದು ತಂಗೀ, ಅದೂ ಔಷಧ ಆಗ್ತದ. ಕಾಢಾ, ಚೂರ್ಣ, ಗುಳಿಗಿ, ಸಂತೆಯಲ್ಲಿ ತಂದ ಎಣ್ಣೆ, ನೆಂಟರು ಕೊಟ್ಟ ಬಾಟಲಿ, ಎಲ್ಲವೂ ಔಷಧದ ಲೆಕ್ಕಕ್ಕೇ ಬರುತ್ತವೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಎಲ್ಲ ಅಪಾಯವೂ ತಿಳಿಯುವುದಿಲ್ಲವೆಂದು ಮೇಲಿನ ಅಮೆರಿಕದ ಉದಾಹರಣೆಯಲ್ಲೇ ಕಂಡೆವು. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವ ಕೇಡು ಹತ್ತಿಪ್ಪತ್ತು ಇಲಿಗಳಲ್ಲಿ ತೋರದು, ಒಂದು ಊರಿನ ಅನುಭವದಲ್ಲಿಯೂ ತೋರದು. ಮಿರಜದಲ್ಲಿ ಒಬ್ಬರು, ಬೆಳಗಾವಿಯಲ್ಲಿ ಒಬ್ಬರು, ಪುಣೆಯಲ್ಲಿ ಇಬ್ಬರು ಎಂದು ಡಾಕ್ಟರರು ಬರೆದು ಕಳಿಸಿದ ಕಾಗದಗಳು ಒಂದು ಕಡೆ ಸೇರಿದಾಗ ಮಾತ್ರ ತೋರುತ್ತದೆ. ರೋಗಿ ಬಾಯಿ ಬಿಡದಿದ್ದರೆ ಡಾಕ್ಟರರು ಬರೆಯುವುದಾದರೂ ಏನನ್ನು? 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ಗಡಿಯ ಈಚೆಯ ಕನ್ನಡದವರು ದೊಡ್ಡ ಕಾಯಿಲೆಗೆ ಮಿರಜಕ್ಕೇ ಹೋಗುತ್ತಿದ್ದಾರೆ. ಅಲ್ಲಿ ಹೋಗಿ ಎಲ್ಲಾ ತೋರಿಸುತ್ತೇವೆ, ಇದೊಂದನ್ನು ಮುಚ್ಚಿಡುತ್ತೇವೆ. ಡಾಕ್ಟರರು ಬೈಯುತ್ತಾರೆಂಬ ಅಂಜಿಕೆ ಒಂದು ಕಾರಣ. ಕೆಲವರು ಬೈಯುವುದೂ ನಿಜ. ಬೈದರೆ ರೋಗಿ ಮುಂದಿನ ಸಲ ಇನ್ನಷ್ಟು ಮುಚ್ಚಿಡುತ್ತಾನೆ ಎಂಬುದನ್ನು ಡಾಕ್ಟರರೂ ದಯಮಾಡಿ ತಿಳಿಯಬೇಕು.

ಔಷಧದಿಂದ ತೊಂದರೆಯಾಯಿತೆಂಬ ಅನುಮಾನವನ್ನು ರೋಗಿಯ ಮನೆಯವರೂ ನೇರವಾಗಿ ತಿಳಿಸಬಹುದು. ಇದಕ್ಕೆ 1800-180-3024 ಎಂಬ ಉಚಿತ ದೂರವಾಣಿ ಇದೆ. ಗುಳಿಗೆಯ ಹೆಸರು, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ, ಎಂದಿನಿಂದ ಎಷ್ಟು ತೆಗೆದುಕೊಂಡಿರಿ ಎಂಬುದು ಕೈಯಲ್ಲಿರಲಿ. ಸಕ್ಕರೆ ಕಾಯಿಲೆಯನ್ನೋ ಕ್ಯಾನ್ಸರನ್ನೋ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಚೀಟಿ ಅಂಟಿಸಿದ ಬಾಟಲಿಯನ್ನು ಕೊಳ್ಳುವ ಮಾತೇ ಬೇಡ. ಬಸುರಿಯರು, ಬಾಣಂತಿಯರು, ಲಿವರ್ ಅಥವಾ ಪಿತ್ತಕೋಶದ ತೊಂದರೆಯಿದ್ದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಯಾವ ಸಾರದ ಗುಳಿಗೆಯನ್ನೂ ಡಾಕ್ಟರರನ್ನು ಕೇಳದೆ ಮುಟ್ಟಬಾರದು. ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಮೈ ತುರಿಸಿದರೆ ಅದೇ ದಿನ ನಿಲ್ಲಿಸಿ ತೋರಿಸಿರಿ.

ಕಾಕಾ ಈಗ ಆರಾಮವಾಗಿದ್ದಾರೆ. ಮೊಣಕಾಲ ನೋವು ಇದ್ದೇ ಇದೆ. ಕಳೆದ ಭಾನುವಾರ ಗುಡಿಯ ಅಂಗಳದಲ್ಲಿ ಸಿಕ್ಕಾಗ, ಸಾರಿಗೆ ಅರಿಷಿಣ ಹಾಕಲು ಡಾಕ್ಟರರು ಬೇಡವೆಂದಿಲ್ಲ ಎಂದು ನಗುತ್ತಾ ಹೇಳಿದರು. ಮುಂದಿನ ತಿಂಗಳು ಮಿರಜಕ್ಕೆ ಮತ್ತೆ ತೋರಿಸಲು ಹೋಗಬೇಕಂತೆ. ಹಳೆಯ ರಿಪೋರ್ಟುಗಳ ಚೀಲದಲ್ಲಿ ಸೊಸೆ ಮನೆಯಲ್ಲಿದ್ದ ಚೂರ್ಣ, ಎಣ್ಣೆ, ಬಾಟಲಿಗಳನ್ನೆಲ್ಲ ಈಗಲೇ ತುಂಬಿಟ್ಟಿದ್ದಾಳೆ.